ಲ್ಯಾಪ್‌ಟಾಪ್‌ಗೆ ಹೊಸ ವಿಂಡೋಸ್: ಅವಸರ ಬೇಡ, ಅಸಡ್ಡೆಯೂ ಬೇಡ

ಅಕ್ಟೋಬರ್ ಎರಡನೇ ವಾರದ ಒಂದು ಸಂಜೆ. ಭೌತಶಾಸ್ತ್ರದ ನೋಟ್ಸ್ ನೋಡೋಣವೆಂದು ಲ್ಯಾಪ್‌ಟಾಪ್ ಆನ್ ಮಾಡಿದರೆ ಪರದೆ ತುಂಬ ಒಂದು ಸೂಚನೆ ಬಂದು ಕುಳಿತಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ ಮುಗಿಯುತ್ತದೆ, ನಿಮ್ಮ ಕಂಪ್ಯೂಟರ್ ವಿಂಡೋಸ್ 11ಕ್ಕೆ ಅರ್ಹವಾಗಿಲ್ಲ, ಆದರೂ ಅದು ಕೆಲಸ ಮಾಡುತ್ತಲೇ ಇರುತ್ತದೆ ಎಂಬುದು ಅದರ ಸಾರಾಂಶ.

ಹಿಂದೆ ನಿಂತಿದ್ದ ಅಬ್ಬಾ ಕೇಳಿದರು, "ಏನಮ್ಮ, ಕೆಟ್ಟು ಹೋಯ್ತಾ?"

"ಇಲ್ಲ ಅಬ್ಬಾ, ಚೆನ್ನಾಗೇ ಇದೆ. ಆದ್ರೆ ಇನ್ಮೇಲೆ ಅವರು ನೋಡ್ಕೊಳಲ್ವಂತೆ."

"ಚೆನ್ನಾಗಿರೋದನ್ನ ಯಾಕೆ ಬಿಟ್ಟುಬಿಡ್ತಾರೆ?"

ನನಗೆ ಉತ್ತರ ಗೊತ್ತಿರಲಿಲ್ಲ. ಮಾರನೇ ದಿನ ತರಗತಿಯಲ್ಲಿ ಕೇಳಿದೆ. ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ಹೆಚ್ಚಿನವರಿಗೆ ಇದೇ ಸೂಚನೆ ಬಂದಿತ್ತು. ಎಲ್ಲರೂ ಅದನ್ನು ಮುಚ್ಚಿ ಮುಂದೆ ಹೋಗಿದ್ದರು. ನಾನೂ ಮೊದಲು ಅದನ್ನೇ ಮಾಡಿದ್ದೆ. ಆಮೇಲೆ ಎರಡು ತಿಂಗಳು ಓದಿ, ಕೇಳಿ, ಮನೆಯಲ್ಲಿ ವಾದ ಮಾಡಿ ಒಂದು ನಿರ್ಧಾರಕ್ಕೆ ಬಂದಿದ್ದೇನೆ. ಆ ನಿರ್ಧಾರವನ್ನೂ ಅದರ ಹಿಂದಿನ ಕಾರಣಗಳನ್ನೂ ನಮ್ಮ ಕಾಲೇಜಿನ ಪತ್ರಿಕೆಯ ಮೂಲಕ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ನಮ್ಮ ಲ್ಯಾಪ್‌ಟಾಪ್‌ನ ಪರಿಚಯ. ಇದು ನನ್ನ ಮಾಮು ಮಗ ಇಂಜಿನಿಯರಿಂಗ್ ಓದುವಾಗ 2018ರಲ್ಲಿ ಕೊಂಡದ್ದು. ಅವರಿಗೆ ಕೆಲಸ ಸಿಕ್ಕಿದ ಮೇಲೆ ನಮ್ಮ ಮನೆಗೆ ಬಂತು. ಒಳಗೆ ಇಂಟೆಲ್ ಐ3-6006ಯು ಪ್ರೊಸೆಸರ್, 4 ಜಿಬಿ ರ್‍ಯಾಮ್, ತಿರುಗುವ ಹಳೆಯ ಹಾರ್ಡ್ ಡಿಸ್ಕ್. ಆನ್ ಮಾಡಿ ಅಡುಗೆಮನೆಗೆ ಹೋಗಿ ಒಂದು ಲೋಟ ಚಹಾ ಮಾಡಿಕೊಂಡು ಬಂದರೆ ಸರಿಯಾಗಿ ತೆರೆದುಕೊಂಡಿರುತ್ತದೆ. ಬ್ಯಾಟರಿ ಸತ್ತು ವರ್ಷವಾಗಿದೆ, ಕರೆಂಟ್ ಹೋದರೆ ಅದೂ ಹೋಗುತ್ತದೆ. ಇಷ್ಟಾದರೂ ಮನೆಯ ಮೂವರು ಇದನ್ನು ನಂಬಿಕೊಂಡಿದ್ದೇವೆ. ನಾನು ಪೈಥಾನ್ ಅಭ್ಯಾಸ ಮಾಡುತ್ತೇನೆ, ಪಾಠದ ವಿಡಿಯೋ ನೋಡುತ್ತೇನೆ. ತಮ್ಮನಿಗೆ ಭಾನುವಾರ ಒಂದು ಗಂಟೆ ಕಾರ್ಟೂನ್. ಆಪಾ ಬಿ.ಎಡ್. ಮುಗಿಸಿ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಸಂಜೆ ನಮ್ಮ ಬೀದಿಯ ಮಕ್ಕಳಿಗೆ ವಿದ್ಯಾರ್ಥಿವೇತನದ ಅರ್ಜಿ, ಸಿಇಟಿ ಅರ್ಜಿ ತುಂಬಿಕೊಡುತ್ತಾಳೆ. ಕೆಲವರು ಇಪ್ಪತ್ತು ರೂಪಾಯಿ ಕೊಡುತ್ತಾರೆ, ಕೆಲವರು ದುಆ ಮಾಡಿ ಹೋಗುತ್ತಾರೆ.

ಈಗ ಅಬ್ಬಾ ಕೇಳಿದ ಪ್ರಶ್ನೆ. ಅವರು ಟೈಲರ್. ಅವರ ಹೊಲಿಗೆ ಯಂತ್ರಕ್ಕೆ ಇಪ್ಪತ್ತೆರಡು ವರ್ಷ. ಎಣ್ಣೆ ಬಿಟ್ಟು, ಬೆಲ್ಟ್ ಬದಲಿಸಿ, ಸೂಜಿ ಹಾಕಿದರೆ ಇವತ್ತಿಗೂ ಓಡುತ್ತದೆ. ಮಾಡಿದ ಕಂಪನಿ "ಇನ್ನು ಸಾಕು" ಅಂದರೂ ಯಂತ್ರ ಕೇಳುವುದಿಲ್ಲ. ಲ್ಯಾಪ್‌ಟಾಪ್ ಯಾಕೆ ಹಾಗಲ್ಲ?

ವ್ಯತ್ಯಾಸ ಇರುವುದು ಇಂಟರ್ನೆಟ್‌ನಲ್ಲಿ. ಹೊಲಿಗೆ ಯಂತ್ರದ ಹತ್ತಿರ ಬರಬೇಕಾದರೆ ಕಳ್ಳ ನಮ್ಮ ಬಾಗಿಲು ಒಡೆಯಬೇಕು. ಲ್ಯಾಪ್‌ಟಾಪ್‌ನ ಹತ್ತಿರ ಬರಲು ಅವನು ಊರಿಗೇ ಬರಬೇಕಾಗಿಲ್ಲ. ಆಪರೇಟಿಂಗ್ ಸಿಸ್ಟಂ ಎಂಬುದು ಕೋಟಿಗಟ್ಟಲೆ ಸಾಲುಗಳ ಪ್ರೋಗ್ರಾಂ. ಅಷ್ಟು ದೊಡ್ಡ ಬಟ್ಟೆಯಲ್ಲಿ ಎಲ್ಲೋ ತೂತು ಇದ್ದೇ ಇರುತ್ತದೆ. ತೂತು ಕಂಡಾಗಲೆಲ್ಲ ಕಂಪನಿ ತೇಪೆ ಹಾಕುತ್ತದೆ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಈ ತೇಪೆಗಳನ್ನು ಕಳಿಸುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಇಟ್ಟಿರುವ ಹೆಸರೂ ಪ್ಯಾಚ್ ಎಂದೇ. ಇದನ್ನು ಹೇಳಿದಾಗ ಅಬ್ಬಾಗೆ ತಕ್ಷಣ ಅರ್ಥವಾಯಿತು. ಬೆಂಬಲ ಮುಗಿಯಿತು ಎಂದರೆ ಇನ್ನು ಮುಂದೆ ತೂತು ಕಂಡರೂ ತೇಪೆ ಬರುವುದಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ವಿಂಡೋಸ್ 10 ಮತ್ತು 11ರ ಒಳಗಿನ ಎಷ್ಟೋ ಭಾಗಗಳು ಒಂದೇ. 11ಕ್ಕೆ ತೇಪೆ ಬಂದಾಗ, ಅದನ್ನು ಬಿಡಿಸಿ ನೋಡಿದವನಿಗೆ ತೂತು ಎಲ್ಲಿತ್ತು ಎಂದು ತಿಳಿಯುತ್ತದೆ. ಅದೇ ತೂತು ತೇಪೆಯಿಲ್ಲದ 10ರಲ್ಲಿ ತೆರೆದೇ ಇರುತ್ತದೆ. ಹೊಸದಕ್ಕೆ ಹಾಕಿದ ತೇಪೆ ಹಳೆಯದರ ತೂತಿಗೆ ದಾರಿ ತೋರಿಸಿದಂತಾಗುತ್ತದೆ.

ನಮ್ಮ ತರಗತಿಯಲ್ಲಿ ಈ ವಿಷಯಕ್ಕೆ ಮೂರು ಪಕ್ಷಗಳಿವೆ.

ಮೊದಲನೆಯದು "ಏನೂ ಆಗಲ್ಲ ಬಿಡು" ಪಕ್ಷ. ಒಬ್ಬ ಗೆಳತಿಯ ಚಾಚಾ ಇವತ್ತಿಗೂ ವಿಂಡೋಸ್ 7 ಇಟ್ಟುಕೊಂಡಿದ್ದಾರಂತೆ. ಅದರ ಬೆಂಬಲ 2020ರ ಜನವರಿಯಲ್ಲೇ ಮುಗಿದಿತ್ತು. ಅವರಿಗೆ ಏನೂ ಆಗಿಲ್ಲ. ಇದು ಸುಳ್ಳಲ್ಲ. ಅಕ್ಟೋಬರ್ 15ರ ಬೆಳಿಗ್ಗೆ ಯಾರ ಲ್ಯಾಪ್‌ಟಾಪೂ ನಿಂತುಹೋಗಲಿಲ್ಲ. ಆದರೆ ಹೆಲ್ಮೆಟ್ ಇಲ್ಲದೆ ಹತ್ತು ವರ್ಷ ಗಾಡಿ ಓಡಿಸಿದವರೂ ಇದೇ ಮಾತನ್ನು ಹೇಳುತ್ತಾರೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ವೈರಸ್ ಹರಡಿತು. 150ಕ್ಕೂ ಹೆಚ್ಚು ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು ಹಣ ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ತಪಾಸಣೆ, ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಆ ತೂತಿಗೆ ತೇಪೆ ಎರಡು ತಿಂಗಳ ಹಿಂದೆ, ಮಾರ್ಚ್‌ನಲ್ಲೇ ಬಂದಿತ್ತು. ಸಿಕ್ಕಿಬಿದ್ದವರಲ್ಲಿ ಬಹುಪಾಲು ಜನ ವಿಂಡೋಸ್ 7ರವರು. ಆಗ ಅದಕ್ಕೆ ಬೆಂಬಲ ಇನ್ನೂ ಇತ್ತು. ಅವರು ತೇಪೆ ಹಾಕಿಕೊಂಡಿರಲಿಲ್ಲ, ಅಷ್ಟೇ. ಈ ಘಟನೆಯಿಂದ ನಾನು ಕಲಿತದ್ದು ಇದು: ಕಂಪ್ಯೂಟರ್ ಹೊಸದೋ ಹಳೆಯದೋ ಎಂಬುದಕ್ಕಿಂತ ಅದಕ್ಕೆ ತೇಪೆ ಬಿದ್ದಿದೆಯೋ ಇಲ್ಲವೋ ಎಂಬುದು ಮುಖ್ಯ.

ಎರಡನೆಯದು "ಹೇಗಾದ್ರೂ 11 ಹಾಕು" ಪಕ್ಷ. ಅರ್ಹತೆಯ ಪರೀಕ್ಷೆಯನ್ನು ತಪ್ಪಿಸಿ ಹಳೆಯ ಲ್ಯಾಪ್‌ಟಾಪ್‌ಗೂ ವಿಂಡೋಸ್ 11 ಹಾಕುವ ದಾರಿಗಳಿವೆ. ನಮ್ಮ ಪಕ್ಕದ ಬೆಂಚಿನವಳು ಹಾಕಿಸಿಕೊಂಡಿದ್ದಾಳೆ, ಓಡುತ್ತಲೂ ಇದೆ. ಆದರೆ ಹೀಗೆ ಹಾಕಿದ ಯಂತ್ರಗಳಿಗೆ ಮುಂದೆ ಅಪ್‌ಡೇಟ್ ಸಿಗುತ್ತದೆ ಎಂಬ ಖಾತರಿ ಇಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ನಾವು 11 ಬೇಕೆನ್ನುವುದೇ ತೇಪೆಗಳಿಗಾಗಿ. ತೇಪೆಗೇ ಖಾತರಿ ಇಲ್ಲದಿದ್ದರೆ ಉಳಿಯುವುದು ಹೊಸ ಬಣ್ಣದ ಪರದೆ ಮಾತ್ರ.

ಇದೇ ಪಕ್ಷದ ಇನ್ನೊಂದು ಶಾಖೆ ಅಂಗಡಿಗಳಲ್ಲಿದೆ. ನಾನು ಮತ್ತು ಆಪಾ ಒಂದು ಅಂಗಡಿಗೆ ಹೋಗಿ ಕೇಳಿದೆವು.

"ನೋಡಮ್ಮ, ಐನೂರು ರೂಪಾಯಿ ಕೊಡಿ. ಸಂಜೆ ಒಳಗೆ 11 ಹಾಕಿ, ಆಫೀಸ್ ಹಾಕಿ, ಎಲ್ಲಾ ಫುಲ್ ಮಾಡಿ ಕೊಡ್ತೀನಿ."

ಆಪಾ ಕೇಳಿದಳು, "ಲೈಸೆನ್ಸ್ ಇರೋದಾ ಸರ್?"

ಅವರು ನಕ್ಕರು. ಆಪಾ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡಳು.

ಅವಳು ಹಾಗೆ ಮಾಡಿದ್ದಕ್ಕೆ ಕಾರಣವಿತ್ತು. ಹೋದ ವರ್ಷ ಲ್ಯಾಪ್‌ಟಾಪ್ ತುಂಬ ಹ್ಯಾಂಗ್ ಆಗುತ್ತಿದೆಯೆಂದು ಬೇರೊಂದು ಕಡೆ ಕೊಟ್ಟಿದ್ದೆವು. ಫಾರ್ಮ್ಯಾಟ್ ಮಾಡುತ್ತೇವೆ ಎಂದರು. "ಡಿ ಡ್ರೈವ್‌ನಲ್ಲಿ ಇರೋದಕ್ಕೆ ಏನೂ ಆಗಲ್ಲ" ಎಂದೂ ಹೇಳಿದರು. ಡಿ ಡ್ರೈವ್‌ಗೆ ನಿಜವಾಗಿಯೂ ಏನೂ ಆಗಲಿಲ್ಲ. ಆದರೆ ಆಪಾ ತನ್ನ ಬಿ.ಎಡ್. ಪಾಠ ಯೋಜನೆಗಳನ್ನೆಲ್ಲ ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದಳು. ಡೆಸ್ಕ್‌ಟಾಪ್ ಮೇಲೆ ಕಾಣುವುದೆಲ್ಲ ಸಿ ಡ್ರೈವ್‌ನೊಳಗೆ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಹನ್ನೊಂದು ರಾತ್ರಿ ಕುಳಿತು ಆಪಾ ಎಲ್ಲವನ್ನೂ ಮತ್ತೆ ಬರೆದಳು. ಅಮ್ಮಿ ಪಕ್ಕದಲ್ಲಿ ಕುಳಿತು ಸ್ಕೇಲ್ ಇಟ್ಟು ಗೆರೆ ಎಳೆದುಕೊಟ್ಟರು. ಅಂಗಡಿಯವರ ಮೇಲೆ ಅವತ್ತು ಕೋಪ ಬಂದಿತ್ತು. ಈಗ ಯೋಚಿಸಿದರೆ, ನಮ್ಮ ವಸ್ತು ಎಲ್ಲಿದೆ ಎಂದು ನಮಗೇ ಗೊತ್ತಿಲ್ಲದೆ ಅದನ್ನು ಬೇರೆಯವರ ಕೈಗೆ ಕೊಟ್ಟದ್ದೂ ತಪ್ಪೇ.

ಮೂರನೆಯದು "ಹೊಸದು ತಗೋ" ಪಕ್ಷ. ಇದು ನೇರವಾದ ಉತ್ತರ, ಹಣ ಇದ್ದವರಿಗೆ ಸರಿಯಾದ ಉತ್ತರವೂ ಇರಬಹುದು. ನಮಗೆ ಹೇಳಿದ ಬೆಲೆ 35,000 ರೂಪಾಯಿ. ಅಬ್ಬಾ ಒಂದು ಷರ್ಟ್ ಹೊಲಿಯಲು 350 ರೂಪಾಯಿ ತೆಗೆದುಕೊಳ್ಳುತ್ತಾರೆ. ನೂರು ಷರ್ಟು. ದಾರ, ಗುಂಡಿ, ಅಂಗಡಿ ಬಾಡಿಗೆ ಕಳೆದರೆ ಇನ್ನೂ ಹೆಚ್ಚು. ಓಡುತ್ತಿರುವ ಯಂತ್ರವನ್ನು ಪಕ್ಕಕ್ಕಿಟ್ಟು ನೂರು ಷರ್ಟಿನ ದುಡ್ಡು ಕೇಳಲು ನನಗೆ ಬಾಯಿ ಬರಲಿಲ್ಲ.

ಇಲ್ಲಿ ನನ್ನ ದೂರೂ ಒಂದಿದೆ. ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್‌ನಲ್ಲಿ. ಅದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಸೆಕ್ಯೂರ್ ಬೂಟ್, 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಕೇಳುತ್ತದೆ. ಇವೆಲ್ಲ ನಮ್ಮ ಲ್ಯಾಪ್‌ಟಾಪ್‌ನಲ್ಲಿವೆ, ಒಂದೊಂದಾಗಿ ನೋಡಿದ್ದೇನೆ. ಸೋತದ್ದು ಪ್ರೊಸೆಸರ್‌ನ ಪಟ್ಟಿಯಲ್ಲಿ. ಇಂಟೆಲ್‌ನಲ್ಲಿ ಬೆರಳೆಣಿಕೆಯ ಅಪವಾದ ಬಿಟ್ಟರೆ ಎಂಟನೇ ತಲೆಮಾರು ಮತ್ತು ಅದರ ನಂತರದವುಗಳಿಗೆ ಮಾತ್ರ ಅವಕಾಶ. ನಮ್ಮದು ಆರನೆಯದು. 2018ರಲ್ಲಿ ಅಂಗಡಿಯಲ್ಲಿ ಹೊಸದಾಗಿ ಮಾರಿದ ವಸ್ತು ಏಳೇ ವರ್ಷಕ್ಕೆ ಅನರ್ಹವಾಯಿತು. ಭದ್ರತೆ ಬೇಕು ಎಂಬ ಕಂಪನಿಯ ವಾದ ನನಗೆ ಅರ್ಥವಾಗುತ್ತದೆ. ಹಳೆಯ ಪ್ರೊಸೆಸರ್‌ಗಳಿಗೆಲ್ಲ ಹೊಂದಿಸಿ ಪರೀಕ್ಷೆ ಮಾಡುತ್ತ ಹೋಗುವುದಕ್ಕೆ ಖರ್ಚಿದೆ ಎಂಬುದೂ ನಿಜ. ಆದರೆ ಆ ಖರ್ಚು ಉಳಿದದ್ದು ಅವರಿಗೆ, ಹೊಸ ಖರ್ಚು ಬಿದ್ದದ್ದು ನಮ್ಮಂಥ ಮನೆಗಳಿಗೆ.

ಹಾಗಾದರೆ ನಾವು ಏನು ಮಾಡಿದೆವು?

ನಾಲ್ಕನೆಯ ದಾರಿಯೊಂದಿದೆ. ತರಗತಿಯಲ್ಲಿ ಹೆಚ್ಚಿನವರಿಗೆ ಅದು ಗೊತ್ತಿರಲಿಲ್ಲ. ಬೆಂಬಲ ಮುಗಿದ ಮೇಲೂ ಒಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ವಿಂಡೋಸ್ 10ಕ್ಕೆ ಭದ್ರತಾ ತೇಪೆಗಳನ್ನು ಮಾತ್ರ ಕಳಿಸುವ ವಿಸ್ತರಣಾ ಯೋಜನೆಯನ್ನು ಮೈಕ್ರೋಸಾಫ್ಟ್ ಮನೆಬಳಕೆಯವರಿಗೂ ಕೊಟ್ಟಿದೆ. 30 ಡಾಲರ್ ಅಥವಾ ಅದಕ್ಕೆ ಸಮನಾದ ಹಣ ಕಟ್ಟಿ ಸೇರಬಹುದು. ಹಣ ಕಟ್ಟದೆಯೂ ಸೇರಬಹುದು: ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ನಮ್ಮ ಸೆಟ್ಟಿಂಗ್ಸ್‌ಗಳ ಪ್ರತಿಯನ್ನು ಅವರ ಸರ್ವರ್‌ನಲ್ಲಿ ಉಳಿಸಲು ಒಪ್ಪಿದರೆ ಸಾಕು. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2 ಇರಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರುವ ಕೊಂಡಿ ಕಾಣುತ್ತದೆ. ನಮಗೆ ಹತ್ತು ನಿಮಿಷ ಹಿಡಿಯಿತು.

ಇದು ಪೂರ್ತಿ ಉಚಿತವೇ? ದುಡ್ಡಿನ ಲೆಕ್ಕದಲ್ಲಿ ಹೌದು. ಆದರೆ ಇಷ್ಟು ದಿನ ಯಾವ ಖಾತೆಯೂ ಇಲ್ಲದೆ ಓಡುತ್ತಿದ್ದ ಲ್ಯಾಪ್‌ಟಾಪ್ ಈಗ ಒಂದು ಖಾತೆಗೆ ಅಂಟಿಕೊಂಡಿತು. ಆಪಾಗೆ ಇದು ಇಷ್ಟವಿರಲಿಲ್ಲ. ಸೆಟ್ಟಿಂಗ್ಸ್ ಮಾತ್ರ ಹೋಗಲಿ, ಫೈಲುಗಳು ಹೋಗುವುದು ಬೇಡ ಎಂದು ಫೋಲ್ಡರ್‌ಗಳ ಬ್ಯಾಕಪ್ ಆಯ್ಕೆಯನ್ನು ನಿಲ್ಲಿಸಿದೆವು. ಗಮನಿಸಬೇಕಾದ ಒಂದು ಸಂಗತಿ: ಯುರೋಪಿನಲ್ಲಿ ಗ್ರಾಹಕ ಸಂಘಟನೆಗಳು ಈ ಷರತ್ತನ್ನು ಪ್ರಶ್ನಿಸಿದವು. ಸೆಟ್ಟಿಂಗ್ಸ್ ಪ್ರತಿಯನ್ನು ಕೊಡದೆಯೇ ಅಲ್ಲಿನವರು ಉಚಿತವಾಗಿ ಸೇರಬಹುದು ಎಂದು ಕಂಪನಿ ಸಡಿಲಿಸಿತು. ಕೇಳಿದವರಿಗೆ ಸಿಕ್ಕಿತು. ನಮ್ಮಲ್ಲಿ ಅಂಥ ರಿಯಾಯಿತಿ ಇಲ್ಲ.

ಇಷ್ಟೆಲ್ಲ ಯಾಕೆ, ನನ್ನ ಲ್ಯಾಪ್‌ಟಾಪ್, ನನ್ನ ಇಷ್ಟ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ವಿಸ್ತರಣೆಗೆ ಸೇರುವ ಮೊದಲು ಲ್ಯಾಪ್‌ಟಾಪ್ ಸ್ವಚ್ಛ ಮಾಡಲು ಕುಳಿತಾಗ ಡೌನ್‌ಲೋಡ್ಸ್ ಫೋಲ್ಡರ್ ತೆರೆದೆ. ಆಪಾ ಅರ್ಜಿ ತುಂಬಿಕೊಟ್ಟವರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಫೋಟೋ ಎಲ್ಲ ಅಲ್ಲೇ ಬಿದ್ದಿದ್ದವು. ಎಣಿಸಿದೆ. 41 ಜನರದು. ಎರಡು ವರ್ಷದ ಹಿಂದಿನವೂ ಇದ್ದವು. ಒಂದು ಫೈಲ್‌ನಲ್ಲಿ ಪಕ್ಕದ ಬೀದಿಯ ಹುಡುಗಿಯ ಅರ್ಜಿಯ ಪಾಸ್‌ವರ್ಡ್ ಸಹ ಬರೆದಿಟ್ಟಿತ್ತು.

ಅಮ್ಮಿಗೆ ಕಂಪ್ಯೂಟರ್ ಗೊತ್ತಿಲ್ಲ. ವಿಷಯ ಹೇಳಿದಾಗ ಅವರು ಹೇಳಿದ್ದು ಒಂದೇ ಮಾತು: "ಅದು ಅಮಾನತ್ ಅಲ್ವಾ?" ಕಾಪಾಡಲೆಂದು ನಂಬಿ ಕೊಟ್ಟ ವಸ್ತುವಿಗೆ ನಮ್ಮ ಮನೆಗಳಲ್ಲಿ ಹಾಗೆ ಹೇಳುತ್ತಾರೆ. ಮದುವೆಗೆ ಹೋಗುವವರು ಬೀರುವಿನ ಕೀಲಿ ಕೊಟ್ಟು ಹೋದರೆ ಅದನ್ನು ಹೇಗೆ ನೋಡಿಕೊಳ್ಳುತ್ತೇವೆ? ಈ 41 ಜನ ತಮ್ಮ ಕೀಲಿ ಕೊಟ್ಟಿದ್ದರು. ನಾವು ಅದನ್ನು ಜಗಲಿಯ ಮೇಲೆ ಬಿಟ್ಟಿದ್ದೆವು. ವಿಂಡೋಸ್ 10 ಇರಲಿ, 11 ಇರಲಿ, ಆ ಫೈಲುಗಳು ಅಲ್ಲಿ ಇರಬಾರದಿತ್ತು. ಅವತ್ತೇ ಎಲ್ಲವನ್ನೂ ಅಳಿಸಿದೆವು, ರೀಸೈಕಲ್ ಬಿನ್ ಸಹ ಖಾಲಿ ಮಾಡಿದೆವು. ಈಗ ಆಪಾ ಒಂದು ನಿಯಮ ಮಾಡಿಕೊಂಡಿದ್ದಾಳೆ: ಅರ್ಜಿ ಸಲ್ಲಿಸಿ ಸ್ವೀಕೃತಿ ಪ್ರತಿ ಅವರ ಕೈಗೆ ಕೊಟ್ಟ ಮೇಲೆ, ಅವರ ಎದುರಿಗೇ ಫೈಲ್ ಅಳಿಸುವುದು.

ಹೀಗಾಗಿ "ಏನೂ ಆಗಲ್ಲ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ನೋಟ್ಸ್ ಹೋದರೆ ನಷ್ಟ ನನ್ನದು. ಬೇರೆಯವರ ದಾಖಲೆಯ ವಿಷಯದಲ್ಲಿ ಅದೃಷ್ಟವನ್ನು ನಂಬಿ ಕೂರುವ ಹಕ್ಕು ನನಗಿಲ್ಲ.

ಅದೇ ಹೊತ್ತಿಗೆ ಅವಸರದ ವಿರುದ್ಧವೂ ಹೇಳಬೇಕು. ನಮಗೆ ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಿದೆ, ವಾರ್ಷಿಕ ಪರೀಕ್ಷೆಗೆ ಮೂರು ತಿಂಗಳೂ ಇಲ್ಲ. ಅಪ್‌ಡೇಟ್ ಎಂದರೆ ಯಾವಾಗಲೂ ಒಳ್ಳೆಯದೇ ಎಂದೂ ಅಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ತಪ್ಪು ಅಪ್‌ಡೇಟ್‌ನಿಂದ ಪ್ರಪಂಚದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ಕೆಲವು ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಪೆನ್ನಿನಿಂದ ಬರೆದುಕೊಟ್ಟರು. ದೊಡ್ಡ ಕಂಪನಿಗಳಿಗೇ ಹೀಗಾಗುವಾಗ, ಪ್ರಾಜೆಕ್ಟ್ ಸಲ್ಲಿಸುವ ಹಿಂದಿನ ರಾತ್ರಿ ಇಡೀ ಆಪರೇಟಿಂಗ್ ಸಿಸ್ಟಂ ಬದಲಿಸುವುದು ಜಾಣತನವಲ್ಲ. ಪ್ರತಿ ತಿಂಗಳ ಸಣ್ಣ ತೇಪೆ ತಪ್ಪಿಸಬೇಡಿ. ದೊಡ್ಡ ಬದಲಾವಣೆಯನ್ನು ಮಾತ್ರ ರಜೆಗೆ ಇಟ್ಟುಕೊಳ್ಳಿ.

ನಿಮ್ಮ ಲ್ಯಾಪ್‌ಟಾಪ್ 11ಕ್ಕೆ ಅರ್ಹವಾಗಿದ್ದರೆ ನನ್ನ ಸಲಹೆ ಬೇರೆ: ಪರೀಕ್ಷೆ ಮುಗಿದ ವಾರ ಮಾಡಿಕೊಳ್ಳಿ. ಅರ್ಹತೆ ನೋಡುವುದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಅಬೌಟ್ ತೆರೆದರೆ ಪ್ರೊಸೆಸರ್‌ನ ಹೆಸರು ಕಾಣುತ್ತದೆ. ಐ3, ಐ5 ಆದಮೇಲೆ ಬರುವ ಅಂಕಿಯ ಆರಂಭ ನೋಡಿ: 6006 ಎಂದರೆ ಆರನೇ ತಲೆಮಾರು, 8250 ಎಂದರೆ ಎಂಟನೆಯದು, 1135 ಎಂದರೆ ಹನ್ನೊಂದನೆಯದು. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಆ್ಯಪ್ ಸಹ ನೇರವಾಗಿ ಹೌದು, ಇಲ್ಲ ಎಂದು ಹೇಳುತ್ತದೆ. ಅರ್ಹವಾದ, ಅಸಲಿ ವಿಂಡೋಸ್ 10 ಇರುವ ಯಂತ್ರಕ್ಕೆ 11 ಉಚಿತ. ಸೆಟ್ಟಿಂಗ್ಸ್ ಮೂಲಕವೇ ಮಾಡಿದರೆ ಫೈಲುಗಳೂ ಉಳಿಯುತ್ತವೆ. ಹಿಡಿಸದಿದ್ದರೆ ಹತ್ತು ದಿನದೊಳಗೆ ಹಳೆಯದಕ್ಕೆ ಮರಳಬಹುದು. ಆದರೂ ಮೊದಲು ಪೆನ್‌ಡ್ರೈವ್‌ಗೋ ಬೇರೆ ಹಾರ್ಡ್ ಡಿಸ್ಕ್‌ಗೋ ಒಂದು ಪ್ರತಿ ಮಾಡಿಕೊಳ್ಳಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಈ ಮೂರನ್ನೂ ಮರೆಯಬೇಡಿ. ಆಪಾಳ ಹನ್ನೊಂದು ರಾತ್ರಿ ನಿಮಗೆ ಬೇಡ. ರ್‍ಯಾಮ್ ಬರೀ 4 ಜಿಬಿ ಇದ್ದರೆ 11 ಓಡುತ್ತದೆ, ಆದರೆ ತೆವಳುತ್ತದೆ ಎಂಬುದೂ ನೆನಪಿರಲಿ.

ನಮ್ಮಂತೆ ಅರ್ಹತೆ ಇಲ್ಲದವರಿಗೆ ಮುಂದಿನ ಅಕ್ಟೋಬರ್ ಆದಮೇಲೆ ಏನು? ನಾನು ಯೋಚಿಸಿರುವುದು ಲಿನಕ್ಸ್. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್‌ಲೆಂಡಿನ ವಿದ್ಯಾರ್ಥಿ ಶುರು ಮಾಡಿದ್ದು ಇದು. ಆಗ ಅವರಿಗೆ ನಮಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು, ಅಷ್ಟೇ. ಅದರ ಮೇಲೆ ಕಟ್ಟಿದ ಉಬುಂಟು, ಲಿನಕ್ಸ್ ಮಿಂಟ್ ಮುಂತಾದವುಗಳನ್ನು ದುಡ್ಡು ಕೊಡದೆ, ಕದಿಯದೆ ಹಾಕಿಕೊಳ್ಳಬಹುದು. ಲಿನಕ್ಸ್ ಮಿಂಟ್ 22ಕ್ಕೆ 2029ರವರೆಗೆ ತೇಪೆಗಳು ಬರುತ್ತವೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಎಷ್ಟೋ ವರ್ಷಗಳಿಂದ ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ. ಇದರ ದೊಡ್ಡ ಅನುಕೂಲವೆಂದರೆ, ಹಾಕುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಹಾರ್ಡ್ ಡಿಸ್ಕ್‌ನಲ್ಲಿರುವ ವಿಂಡೋಸ್‌ಗೆ ಏನೂ ಆಗುವುದಿಲ್ಲ.

ನಾನು ಒಂದು ಭಾನುವಾರ ಹಾಗೆ ಓಡಿಸಿ ನೋಡಿದೆ. ವೈಫೈ, ಪ್ರಿಂಟರ್, ಪೈಥಾನ್ ಎಲ್ಲ ಸರಿಯಾಗಿ ನಡೆದವು. ಯೂನಿಕೋಡ್ ಕನ್ನಡವನ್ನು ನಾವು ಕಲಿತ ಕಗಪ ಕೀಲಿಮಣೆಯ ವಿನ್ಯಾಸದಲ್ಲೇ ಟೈಪ್ ಮಾಡಲು ಬಂತು. ತೊಂದರೆ ಎಲ್ಲಿ ಬಂತೆಂದರೆ, ಆಪಾ ಶಾಲೆಗಾಗಿ ನುಡಿಯ ಹಳೆಯ ಫಾಂಟ್‌ನಲ್ಲಿ ಮಾಡಿದ್ದ ಪ್ರಶ್ನೆಪತ್ರಿಕೆ ತೆರೆದಾಗ. ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು. ಅವನ್ನೆಲ್ಲ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ವರ್ಡ್ ಫೈಲುಗಳು ಲಿಬ್ರೆ ಆಫೀಸ್‌ನಲ್ಲಿ ತೆರೆಯುತ್ತವೆ, ಆದರೆ ಕೋಷ್ಟಕಗಳು ಅಲ್ಲಲ್ಲಿ ಜರುಗುತ್ತವೆ. ಆದ್ದರಿಂದ ಲಿನಕ್ಸ್ ಎಲ್ಲಕ್ಕೂ ಮದ್ದು ಎಂದು ನಾನು ಹೇಳುವುದಿಲ್ಲ. ಬೇಸಿಗೆ ರಜೆಯಲ್ಲಿ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸಿ, ಆಮೇಲೆ ಲಿನಕ್ಸ್ ಹಾಕುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ನೂರು ಷರ್ಟಿನ ಬದಲು ಏಳೆಂಟು ಷರ್ಟಿನಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಆಪಾಳ ಪ್ರಶ್ನೆಪತ್ರಿಕೆಗಳನ್ನು ಯೂನಿಕೋಡ್‌ಗೆ ತರುವ ಕೆಲಸ ನನ್ನದು. ಪ್ರತಿ ಫೈಲಿಗೆ ಒಂದು ಸಮೋಸಾ ಎಂದು ಒಪ್ಪಂದವಾಗಿದೆ.

ಕೊನೆಯಲ್ಲಿ ನಮ್ಮ ಕಾಲೇಜಿಗೆ ಮೂರು ವಿನಂತಿಗಳು.

ಒಂದು, ಪರೀಕ್ಷೆ ಮುಗಿದ ಮೇಲೆ ಒಂದು ಶನಿವಾರ ಮಧ್ಯಾಹ್ನ ಗಣಕ ವಿಜ್ಞಾನದ ಪ್ರಯೋಗಾಲಯವನ್ನು ತೆರೆದಿಡಿ. ಲ್ಯಾಪ್‌ಟಾಪ್ ಇರುವವರು ತರಲಿ. ಅರ್ಹತೆ ನೋಡುವುದು, ಬ್ಯಾಕಪ್ ಮಾಡುವುದು, ವಿಸ್ತರಣೆಗೆ ಸೇರುವುದು ಇವನ್ನು ಉಪನ್ಯಾಸಕರ ಮೇಲ್ವಿಚಾರಣೆಯಲ್ಲಿ ನಾವೇ ಒಬ್ಬರಿಗೊಬ್ಬರು ಮಾಡಿಕೊಡುತ್ತೇವೆ. ಐನೂರು ರೂಪಾಯಿಯ ನಕಲಿ ವಿಂಡೋಸ್‌ಗೆ ಹೋಗುವವರಲ್ಲಿ ಕೆಲವರಾದರೂ ನಿಲ್ಲುತ್ತಾರೆ.

ಎರಡು, ಪ್ರಯೋಗಾಲಯದ ಎರಡು ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಹಾಕಿಸಿ. ನೋಡದೆ ಇದ್ದದ್ದಕ್ಕೆ ಎಲ್ಲರೂ ಹೆದರುತ್ತಾರೆ. ಮುಂದೆ ಇಂಜಿನಿಯರಿಂಗ್, ಬಿಸಿಎ ಸೇರುವವರಿಗೆ ಅದು ಹೇಗೂ ಎದುರಾಗುತ್ತದೆ.

ಮೂರು, ಇದು ವಿದ್ಯಾರ್ಥಿಗಳ ವಿಷಯ ಮಾತ್ರವಲ್ಲ. ಗೌರವಾನ್ವಿತ ಉಪನ್ಯಾಸಕರೇ, ಕಚೇರಿ ಸಿಬ್ಬಂದಿಯವರೇ, ನಮ್ಮ ಆಧಾರ್, ಅಂಕಪಟ್ಟಿ, ಮನೆಯವರ ಫೋನ್ ನಂಬರ್ ನಿಮ್ಮ ಕಂಪ್ಯೂಟರ್‌ಗಳಲ್ಲಿವೆ. ಅವೂ ಅಮಾನತ್. ನಮ್ಮ ಮನೆಯಲ್ಲಿ ಕೇಳಿಕೊಂಡ ಪ್ರಶ್ನೆಗಳನ್ನು ದಯವಿಟ್ಟು ಅಲ್ಲಿಯೂ ಒಮ್ಮೆ ಕೇಳಿಕೊಳ್ಳಿ: ತೇಪೆ ಬೀಳುತ್ತಿದೆಯೇ? ಬ್ಯಾಕಪ್ ಇದೆಯೇ? ಕೆಲಸ ಮುಗಿದ ಫೈಲುಗಳನ್ನು ಅಳಿಸಿದ್ದೇವೆಯೇ?

ಮೊನ್ನೆ ಅಬ್ಬಾ ಮತ್ತೆ ಕೇಳಿದರು, "ಏನಾಯ್ತು ನಿನ್ನ ಮಷಿನ್ ಕಥೆ?"

"ಒಂದು ವರ್ಷ ತೇಪೆ ಹಾಕ್ತಾರೆ ಅಬ್ಬಾ. ಆಮೇಲೆ ನಾವೇ ಬೇರೆ ಬಟ್ಟೆ ಹಾಕ್ತೀವಿ" ಅಂದೆ.

"ಅಳತೆ ಸರಿಯಾಗಿ ತಗೊಂಡು ಕತ್ತರಿ ಹಾಕು" ಎಂದು ಹೇಳಿ ಅವರು ಕೆಲಸಕ್ಕೆ ತಿರುಗಿದರು. ಗೆಳೆಯ ಗೆಳತಿಯರೇ, ನಿಮಗೂ ನಾನು ಹೇಳಬೇಕೆಂದಿದ್ದದ್ದು ಅದೇ.

ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ